ಕಲ್ಲಿನ ಸೊಸೆ

ಪ್ರತಿಮೆಯ ಅನಾವರಣ ಎಂದರೆ ನನಗೆ ಮೊದಲು ನೆನಪಾಗುವುದು ಕಾಲುನೋವು. ಬರಬೇಕಾದ ದೊಡ್ಡವರು ಹೇಳಿದ ಹೊತ್ತಿಗೆ ಬಂದದ್ದನ್ನು ನಾನು ಈ ವಯಸ್ಸಿನವರೆಗೂ ಕಂಡಿಲ್ಲ. ಶಾಲೆಯ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ, ಶಾಮಿಯಾನದ ನೆರಳಲ್ಲಿ ಕುರ್ಚಿಗಳು ಖಾಲಿ ಇರುತ್ತವೆ. ಬಟ್ಟೆ ಹೊದ್ದ ಕಲ್ಲೋ ಕಂಚೋ ಮಾತ್ರ ಯಾವ ಅವಸರವೂ ಇಲ್ಲದೆ ಕಾಯುತ್ತದೆ. ಈಗ ನಮ್ಮ ಕೊಡಗಿನಲ್ಲಿ ಸರ್ಕಲ್ಲಿಗೊಂದು ಪ್ರತಿಮೆ ಇದೆ. ಕತ್ತಿ ಹಿರಿದವರು, ಟೋಪಿ ಹಾಕಿ ಎದೆ ಸೆಟೆಸಿ ನಿಂತವರು. ಬಸ್ಸು ಅವರನ್ನು ಬಳಸಿಕೊಂಡು ಹೋಗುವಾಗ ಎಲ್ಲರೂ ಮುಖ ನೋಡುತ್ತಾರೆ. ನಾನು ಪಕ್ಕದಲ್ಲಿ ಯಾರಿದ್ದಾರೆ ಎಂದು ನೋಡುತ್ತೇನೆ. ಸತ್ತ ಗಂಡಸಿನ ಪಕ್ಕದಲ್ಲಿ ಯಾವಳನ್ನಾದರೂ ನಿಲ್ಲಿಸಿಬಿಟ್ಟಿದ್ದಾರೇನೋ ಎಂಬ ಅಂಜಿಕೆ ನನ್ನನ್ನು ಬಿಟ್ಟಿಲ್ಲ.

ನನ್ನನ್ನು ಹಾಗೆ ನಿಲ್ಲಿಸಿದ್ದರು. ಕೊಡಗು ತಾನೇ ಒಂದು ಪುಟ್ಟ ರಾಜ್ಯವಾಗಿದ್ದ ಆ ಕೆಲವು ವರ್ಷಗಳಲ್ಲಿ, ಶಿರಂಗಾಲದ ಹಾದಿಯ ಒಂದು ಊರಿನಲ್ಲಿ, ನಾನು ಗಟ್ಟಿಮುಟ್ಟಾಗಿ ಬದುಕಿರುವಾಗಲೇ. ಯಾರನ್ನೂ ದೂರುವ ಹಾಗಿಲ್ಲ. ಕಲ್ಲು ಹೀಗೇ ಇರಲಿ ಎಂದು ಹೇಳಿದವಳು ನಾನೇ.

ಆ ಊರು ನನ್ನ ಮೊದಲ ಗಂಡನ ಊರು. ಅಲ್ಲಿದ್ದವರೆಲ್ಲ ಹಾಸನದ ಕಡೆಯಿಂದ ಗಾಡಿ ಕಟ್ಟಿಕೊಂಡು ಬಂದವರು. ನಮ್ಮ ಮಾವನ ಅಪ್ಪನ ಕಾಲದಲ್ಲಿ ಹೊಳೆ ಬದಿಯ ಕಾಡು ಕಡಿದು ಹೊಲ ಮಾಡಿದರಂತೆ. ಹಾರಂಗಿಗೆ ಆಗ ಅಣೆಕಟ್ಟಿಲ್ಲ, ನಾಲೆಯಿಲ್ಲ. ರಾಗಿ, ಹುರುಳಿ, ಕೆರೆ ಕೆಳಗೆ ಒಂದಿಷ್ಟು ಭತ್ತ. ಹೊಲವಾಯಿತು, ಮನೆಯಾಯಿತು. ಆದರೆ ನಮ್ಮವರು ಎಂದು ಕೈಮುಗಿಯಲು ಆ ಮಣ್ಣಿನಲ್ಲಿ ಯಾರೂ ಇರಲಿಲ್ಲ. ಮಾವ ಎತ್ತಿನ ವ್ಯಾಪಾರಕ್ಕೆಂದು ಕೊಡವರ ಮನೆಗಳಿಗೆ ಹೋದಾಗಲೆಲ್ಲ ಅಂಗಳದಾಚೆಯ ಕೈಮಡ ನೋಡಿ ಬರುತ್ತಿದ್ದರು. ಸತ್ತ ಹಿರಿಯರಿಗಾಗಿ ಮನೆಯವರು ಕಟ್ಟಿದ ಚಿಕ್ಕ ಗುಡಿ ಅದು. "ಅವ್ರ ಅಪ್ಪ ತಾತ ಎಲ್ಲಾ ಮನೆ ಮುಂದೇನೇ ಕುಂತವ್ರೆ. ನಮ್ಮೋರು ಎಲ್ಲವ್ರೆ?" ಎಂದು ಬಂದು ಹೇಳುತ್ತಿದ್ದರು. ಹೇಳುವಾಗ ಅವರ ದನಿಯಲ್ಲಿ ಹೊಟ್ಟೆಕಿಚ್ಚು ಇರುತ್ತಿತ್ತು, ಅದನ್ನು ಮುಚ್ಚಿಡುವ ಗೋಜಿಗೂ ಹೋಗುತ್ತಿರಲಿಲ್ಲ.

ನಮ್ಮವರಿಗೆ ಸಿಕ್ಕಿದ್ದು ಕೆರೆ ಏರಿಯ ಮೇಲಿನ ಒಂದು ಹಳೆಯ ಕಲ್ಲು. ನಾವು ಬರುವ ಎಷ್ಟೋ ಮೊದಲಿನದು, ಯಾರು ನೆಟ್ಟರೋ ಗೊತ್ತಿಲ್ಲ. ಎದೆಮಟ್ಟದ ಚಪ್ಪಡಿಯ ಮೇಲೆ ಕತ್ತಿ ಹಿಡಿದ ಗಂಡಸು. ಅವನ ಪಕ್ಕದಲ್ಲಿ ಒಂದು ಕಂಬ, ಕಂಬದಿಂದ ಹೊರಟು ಮೊಣಕೈಯಲ್ಲಿ ಮಡಿಸಿ ಮೇಲಕ್ಕೆತ್ತಿದ ಹೆಣ್ಣಿನ ಕೈ. ಮುಂಗೈ ತುಂಬ ಬಳೆ, ಬೆರಳ ನಡುವೆ ನಿಂಬೆಹಣ್ಣು. ನಮ್ಮ ಹೆಂಗಸರು ಅದಕ್ಕೆ ಕೈಯಮ್ಮ ಎಂದು ಹೆಸರಿಟ್ಟು ಅರಿಶಿನ ಕುಂಕುಮ ಹಚ್ಚಿದರು. ಬಸುರಿಯರು ಹಸಿರು ಬಳೆ ಒಪ್ಪಿಸಿದರು. ಕತ್ತಿ ಹಿಡಿದವನನ್ನು ಯಾರೂ ಕೇಳುತ್ತಿರಲಿಲ್ಲ, ಬಳೆಯ ಕೈಗೇ ಎಲ್ಲ ಮರ್ಯಾದೆ. ಅದು ಅಭಯದ ಕೈ, ಆಶೀರ್ವಾದ ಮಾಡುವ ಕೈ ಎಂದೇ ನಾನೂ ತಿಳಿದಿದ್ದೆ. ಬೇರೆಯವರ ಊರಿನ ಕಲ್ಲನ್ನು ನಮ್ಮದು ಮಾಡಿಕೊಂಡಿದ್ದೆವು, ಅದರ ಅರ್ಥ ಕೇಳಲು ಹಳಬರು ಯಾರೂ ಉಳಿದಿರಲಿಲ್ಲ.

ನನ್ನ ಗಂಡ ದೊಡ್ಡ ಯುದ್ಧಕ್ಕೆ ಹೋದವರು. ಮಿಲಿಟರಿ ಲಾರಿ ಓಡಿಸುತ್ತಿದ್ದರು. ಮದುವೆಯಾಗಿ ನಾವು ಒಂದೇ ಸೂರಿನಡಿ ಇದ್ದದ್ದು ನಾಲ್ಕು ತಿಂಗಳು. ಹೊರಟ ದಿನ ಏರಿಯ ಮೇಲೆ ನಿಂತು ಕೈಯಮ್ಮನ ಬೆರಳಿಗೆ ಹಣೆ ಹಚ್ಚಿ ಹೋದರು. ಬರ್ಮಾ ಕಡೆ ತೀರಿಹೋದರೆಂದು ಸರ್ಕಾರದ ಕಾಗದ ಬಂದಾಗ ಅದನ್ನು ಮನೆಯವರಿಗೆ ಓದಿ ಹೇಳಿದವಳೂ ನಾನೇ, ಏಕೆಂದರೆ ಆ ಮನೆಯಲ್ಲಿ ನಾಲ್ಕನೇ ಕ್ಲಾಸು ಓದಿದವಳು ನಾನೊಬ್ಬಳೇ. ಕೊನೆಯ ಸಾಲು ಓದಿ ಮುಗಿಸಿ ಕಾಗದ ಮಡಿಸುವ ಹೊತ್ತಿಗೆ ನನ್ನ ಬಳೆ ಒಡೆಯಲು ಹೆಂಗಸರು ಎದ್ದು ನಿಂತಾಗಿತ್ತು. ಹೆಣ ಬರಲಿಲ್ಲ. ಹುಲ್ಲಿನ ಗೊಂಬೆ ಮಾಡಿ ಸುಟ್ಟರು. ಅದಾದ ಮೇಲೂ ಮಾವ ಮಗನನ್ನು ಎಲ್ಲಿ ಹುಡುಕಿ ಅಳಬೇಕೆಂದು ತಿಳಿಯದೆ, ಬಂಡಿ ಹೂಡಿಕೊಂಡು ಮಗ ದಾಟಿಹೋದ ಫ್ರೇಜರ್‌ಪೇಟೆಯ ಸೇತುವೆವರೆಗೆ ಹೋಗಿ ಸುಮ್ಮನೆ ತಿರುಗಿ ಬರುತ್ತಿದ್ದರು.

ಕೆಲವು ವರ್ಷ ಹೀಗೆ ಕಳೆಯಿತು. ಗಂಡನ ಜೊತೆ ಅದೇ ಲಾರಿ ಪಡೆಯಲ್ಲಿದ್ದವರೊಬ್ಬರು ಅವರ ಪೆಟ್ಟಿಗೆ ತಂದುಕೊಟ್ಟಿದ್ದರು. ಅವರೂ ನಮ್ಮ ಜನವೇ. ಯುದ್ಧ ಮುಗಿದ ಮೇಲೆ ಗೋಣಿಕೊಪ್ಪಲಿನ ಹತ್ತಿರ ಒಂದು ಎಸ್ಟೇಟಿನ ಲಾರಿ ಓಡಿಸಿಕೊಂಡಿದ್ದರು. ಹೆಂಡತಿ ತೀರಿಹೋಗಿದ್ದಳು, ಒಬ್ಬಳು ಮಗಳಿದ್ದಳು. ವರ್ಷಕ್ಕೆರಡು ಸಲ ಬಂದು ಮಾವನನ್ನು ಮಾತಾಡಿಸಿ ಹೋಗುವವರು, ಒಂದು ಸಲ ನನ್ನ ಬಗ್ಗೆ ಕೇಳಿದರು. ನಮ್ಮ ಜನದಲ್ಲಿ ಗಂಡ ಸತ್ತವಳಿಗೆ ಉಡಿಕೆ ಎಂಬ ದಾರಿಯಿದೆ. ಅದಕ್ಕೆ ಚಪ್ಪರವಿಲ್ಲ, ವಾಲಗವಿಲ್ಲ. ಸತ್ತವನ ಮನೆಯವರು ಬಿಟ್ಟುಕೊಟ್ಟರೆ ಒಂದು ಸೀರೆ ಉಡಿಸಿ ಕರೆದುಕೊಂಡು ಹೋಗುವುದು, ಅಷ್ಟೇ. ಬಿಟ್ಟುಕೊಡುವ ಮಾತು ಮಾವನದು.

ನನಗೆ ಹೋಗುವ ಮನಸ್ಸಿತ್ತು. ಇದನ್ನು ಬರೆಯಲು ಈಗ ನಾಚಿಕೆಯಿಲ್ಲ. ಆಗ ನನಗೆ ಇಪ್ಪತ್ತೇಳು ವರ್ಷ. ನಾಲ್ಕು ತಿಂಗಳ ಗಂಡನನ್ನು ನೆನೆದು ನೆನೆದು ಅವರ ಮುಖವೇ ಸವೆದುಹೋಗಿತ್ತು. ನನಗೆ ದಣಿವಾಗಿತ್ತು, ಅಳುವುದರಿಂದಲೂ ಅಲ್ಲ, ಅಳುವವಳ ಹಾಗೆ ದಿನವೂ ಕಾಣಿಸಿಕೊಳ್ಳಬೇಕಾಗಿದ್ದರಿಂದ.

ಮಾವ ಇಲ್ಲವೆನ್ನಲಿಲ್ಲ. ಆ ಹೊತ್ತಿಗೇ ಸರ್ಕಾರದ ಕಡೆಯಿಂದ, ಯುದ್ಧದಲ್ಲಿ ಮಡಿದವರಿಗೆ ಅವರವರ ಊರಿನಲ್ಲಿ ಒಂದು ಸ್ಮಾರಕ ನಿಲ್ಲಿಸಬಹುದೆಂದು ಮಾತು ಬಂದಿತ್ತು. ನಮ್ಮೂರಿನಿಂದ ಹೋದವರು ಮೂವರು, ಬಾರದವರು ನನ್ನ ಗಂಡ ಒಬ್ಬರೇ. ಮಾವ ನನ್ನನ್ನು ಜಗಲಿಗೆ ಕರೆದು ಹೇಳಿದರು:

"ಕಲ್ಲೊಂದು ನಿಂತ್ಕಳ್ಳಿ ಕಣವ್ವ. ಅವ್ನಿಗೂ ಒಂದು ಜಾಗ ಅಂತ ಆಗ್ಲಿ. ಆಮ್ಯಾಕೆ ನೀನು ಹೋಗು. ನಾನೇ ನಿಂತು ಕಳಿಸ್ಕೊಡ್ತೀನಿ."

ಹಾಗಾಗಿ ಆ ಕಲ್ಲು ಬೇಗ ನಿಲ್ಲಲಿ ಎಂದು ಊರಿನಲ್ಲಿ ನನಗಿಂತ ಹೆಚ್ಚು ಬಯಸಿದವರು ಇರಲಿಲ್ಲ.

ನಮ್ಮ ನಾಡಿನ ಕಂದಾಯ ನೋಡುತ್ತಿದ್ದ ಪಾರುಪತ್ಯಗಾರರು ಒಂದು ಚಿತ್ರ ತಂದರು. ಚೌಕದ ಕಂಬ, ಅದರ ಮೇಲೆ ತಲೆಕೆಳಗಾದ ಬಂದೂಕು, ಬಂದೂಕಿನ ಮೇಲೆ ಟೋಪಿ. ಮಾವ ಅದನ್ನು ಎರಡೂ ಕಡೆ ತಿರುಗಿಸಿ ನೋಡಿದರು. "ಇದ್ರಲ್ಲಿ ನಮ್ಮುಡ್ಗ ಎಲ್ಲವ್ನೆ ಸ್ವಾಮಿ?" ಎಂದು ಕೇಳಿದರು. ಪಾರುಪತ್ಯಗಾರರು ನಗಲಿಲ್ಲ, ಪಾಪ ಒಳ್ಳೆಯ ಮನುಷ್ಯ. ನಿಮಗೆ ಎಂಥದ್ದು ಬೇಕೋ ನೀವೇ ಮಾಡಿಸಿಕೊಳ್ಳಿ, ಅನಾವರಣಕ್ಕೆ ಮಡಿಕೇರಿಯಿಂದ ದೊಡ್ಡ ಸಾಹೇಬರನ್ನು ಕರೆಸುವುದು ನನ್ನ ಕೆಲಸ ಎಂದರು. ಮಾವ ಒಳಗೆ ಬಂದು, ಎಂಥದ್ದು ಬೇಕವ್ವ ಎಂದು ನನ್ನನ್ನೇ ಕೇಳಿದರು. ಒಲೆ ಊದುತ್ತಿದ್ದ ನಾನು ಎರಡು ಸಲ ಯೋಚಿಸದೆ, ಕೈಯಮ್ಮನ ಕಲ್ಲಿನ ಹಾಗೇ ಇರಲಿ ಮಾವ ಎಂದೆ. ನನ್ನ ಗಂಡ ಕೊನೆಗೆ ಹಣೆ ಹಚ್ಚಿದ ಕಲ್ಲದು ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು.

ಹೊಳೆಯಾಚೆ, ಮೈಸೂರು ಸೀಮೆಯಲ್ಲಿ, ಒಬ್ಬ ಕಲ್ಲುಕುಟಿಗರಿದ್ದರು. ಅವರು ಒಂದು ದಿನ ಬಂದು ಏರಿಯ ಕಲ್ಲನ್ನು ದಾರ ಹಿಡಿದು ಅಳೆದು, ಬೂದಿ ಬಳಿದು ಗೆರೆ ಗುರುತು ಮಾಡಿಕೊಂಡು ಹೋದರು. ಆ ದಿನ ನಾನು ತವರಿಗೆ ಹೋಗಿದ್ದೆ. ಎಲ್ಲಾನೂ ಹೀಗೇ ಬರಬೇಕಾ ಎಂದು ಅವರು ಎರಡು ಸಲ ಕೇಳಿದರಂತೆ. ಒಂದು ಗೆರೆಯೂ ಬಿಡಬೇಡಿ ಎಂದು ಮಾವ ಎರಡು ಸಲ ಹೇಳಿದರಂತೆ.

ಮೂರು ತಿಂಗಳ ಮೇಲೆ ಕಲ್ಲು ಗಾಡಿಯಲ್ಲಿ ಬಂತು. ಶಾಲೆಯ ಮುಂದೆ ರಸ್ತೆ ಬದಿಯಲ್ಲಿ ಗುಂಡಿ ತೋಡಿ ಇಟ್ಟಿದ್ದರು. ಅನಾವರಣಕ್ಕೆ ನಾಲ್ಕು ದಿನವಿತ್ತು. ಕಲ್ಲನ್ನು ಹುಲ್ಲಿನ ಮೇಲೆ ಅಂಗಾತ ಮಲಗಿಸಿದರು. ನಿಜ ಹೇಳಬೇಕು, ಅಷ್ಟು ಚೆಂದದ ಕೆಲಸ ನಾನು ಆಮೇಲೆ ಕಂಡಿಲ್ಲ. ಕತ್ತಿಯ ಬದಲು ಕೈಯಲ್ಲಿ ಬಂದೂಕಿತ್ತು, ತಲೆಗೆ ಮಿಲಿಟರಿ ಟೋಪಿ, ಮೇಲೆ ಸೂರ್ಯ ಚಂದ್ರ. ಮಾವ ಮೊಣಕಾಲೂರಿ ಕೂತು ಕಲ್ಲಿನ ಕೆನ್ನೆ ಸವರಿದರು. ಮುಖ ನನ್ನ ಗಂಡನದಾಗಿರಲಿಲ್ಲ. ಆದರೆ ಅವರ ಮುಖ ನನಗೇ ಮರೆತುಹೋಗಿತ್ತಲ್ಲ, ಇದೇ ಇರಲಿ ಎಂದುಕೊಂಡೆ.

ಕಲ್ಲುಕುಟಿಗರು ಮರದ ಬುಡದಲ್ಲಿ ಕೂತು ಬೆವರೊರೆಸಿಕೊಳ್ಳುತ್ತಿದ್ದರು. ನಾನು ಒಂದು ಚೆಂಬು ಮಜ್ಜಿಗೆ ಒಯ್ದು ಕೊಟ್ಟೆ.

"ತಾವು ಈ ಮನೆಗೆ ಏನಾಗ್ಬೇಕು ತಾಯಿ?" ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಮಾವ ಹೇಳಿದರು: "ನನ್ನ ಹಿರೀಸೊಸೆ. ಇವಳ ಗಂಡನ್ದೇಯ ಕಲ್ಲು."

ಆ ಮನುಷ್ಯ ಚೆಂಬನ್ನು ಕೆಳಗಿಟ್ಟರು. ಎದ್ದು ನಿಂತರು. ನನ್ನ ಬರಿಗೈ ನೋಡಿದರು, ಕಲ್ಲು ನೋಡಿದರು, ಮತ್ತೆ ಮಾವನ ಕಡೆ ತಿರುಗಿದರು.

"ಇವ್ರು ಅವ್ರಾ?" ಎಂದರು. "ಯಜಮಾನ್ರೇ, ಒಂದು ಮಾತು ಹೇಳ್ಬಾರ್ದಾಗಿತ್ತಾ ನೀವು? ಬಳೆ ಕೈ ಕೆತ್ತಿ ಅಂದ್ರಲ್ಲ. ಗಂಡ ಹೋದ್ನಲ್ಲಾ ಅಂತ ಬೆಂಕಿಗೆ ಬಿದ್ದು ಅವನ ಜೊತೇಲೇ ಮಾಸ್ತಿಯಾಗಿ ಹೋದವಳಿಗೆ ಮಾತ್ರ ಕೆತ್ತೋದು ಈ ಕೈಯ. ಹೆಂಡ್ತೀನೂ ಅವರ್ಹಿಂದೇ ಹೋಗವ್ರೆ ಅಂತ ತಿಳ್ಕಂಡು ನಾನು ಮೂರು ತಿಂಗಳು ಒಪ್ಪತ್ತು ಇದ್ದು ಕೆತ್ತಿದೀನಿ."

ಕಲ್ಲಿಗೆಂದು ಆರತಿ ತಟ್ಟೆ ತಂದಿದ್ದ ಹೆಂಗಸರು ಹಿಡಿದ ಹಾಗೇ ನಿಂತರು. ನಾನು ಹೋಗಿ ಆ ಕೈಯನ್ನು ನೋಡಿದೆ. ಒಂದೊಂದು ಬಳೆಯನ್ನೂ ಬಿಡಿಬಿಡಿಯಾಗಿ ಕಡೆದಿದ್ದರು, ಎಣಿಸಿದರೆ ಹನ್ನೆರಡು. ನನಗೆ ಅಳು ಬರಲಿಲ್ಲ, ಮೈ ಉರಿಯುವಷ್ಟು ಸಿಟ್ಟು ಬಂತು. ನನ್ನ ಕೈಯ ಬಳೆ ಒಡೆದು ಹಾಕಿದ ಊರಿನಲ್ಲಿ, ಸತ್ತರೆ ಮಾತ್ರ ತೊಡಲು ಹನ್ನೆರಡು ಬಳೆ ಕಾದಿದ್ದವು. ಯಾರ ಮೇಲೆ ಸಿಟ್ಟು ಮಾಡಲಿ? ಒಲೆ ಊದುತ್ತ ಹೇಳಿದ್ದು ನಾನು.

ಸುದ್ದಿ ಒಂದು ಗಳಿಗೆಯಲ್ಲಿ ಊರೆಲ್ಲ ಆಯಿತು. ಉಡಿಕೆಯ ಮಾತು ಹಿರಿಯರಿಗೆ ಗೊತ್ತಿತ್ತು. "ಮಾಸ್ತಿ ಅಂತ ಕಲ್ಲಲ್ಲಿ ಕುಂತೋಳಿಗೆ ಸೀರೆ ಉಡ್ಸೋನು ಯಾವನು? ಊರಿಗೇ ಕೇಡು," ಎಂದರು. ಅಷ್ಟು ದಿನ ಬಸುರಿಯರಿಂದ ಬಳೆ ಒಪ್ಪಿಸಿಕೊಳ್ಳುತ್ತಿದ್ದ ಕೈಯಮ್ಮ ಯಾರೆಂದು ತಿಳಿದು ಹೆಂಗಸರಿಗೆ ಒಂಥರಾ ಭಕ್ತಿ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ನನ್ನನ್ನು ನೋಡುವ ಬಗೆ ಬೇರೆಯಾಯಿತು. ಕೆಲವರು ಕೈಮುಗಿದರು ಕೂಡ. ಬದುಕಿರುವವಳಿಗೆ ಕೈಮುಗಿಯುವುದು ಎಷ್ಟು ಕ್ರೂರವೆಂದು ಮುಗಿಸಿಕೊಂಡವಳಿಗೇ ಗೊತ್ತು.

ಆ ಕೈಯನ್ನು ಬಡಿದು ತೆಗೆಯಬಹುದೇ ಎಂದು ಮಾವ ಕೇಳಿದರು. ತೆಗೆಯಬಹುದು, ಆದರೆ ಕಲ್ಲು ಭಿನ್ನವಾಗುತ್ತದೆ ಎಂದರು ಕಲ್ಲುಕುಟಿಗರು. ಭಿನ್ನವಾದದ್ದನ್ನು ನಿಲ್ಲಿಸುವಂತಿಲ್ಲ, ಹೊಳೆಗೆ ಬಿಡಬೇಕು. ಹೊಸದು ಮಾಡಿಕೊಡುತ್ತೇನೆ, ಆದರೆ ನನಗೆ ಕಣ್ಣು ಮಂಜಾಗುತ್ತಿದೆ, ಇಂಥ ಕೆಲಸ ಮತ್ತೆ ಬರುತ್ತದೆಂದು ಮಾತು ಕೊಡಲಾರೆ ಎಂದೂ ಹೇಳಿದರು. ಮಾತಿನಲ್ಲಿ ಮೋಸವಿರಲಿಲ್ಲ.

ಆ ಸಂಜೆ ನಾನು ಮಾವನ ಮುಂದೆ ನಿಂತು ಕೇಳಿದೆ. "ಬಡಿಸಿ ಮಾವ. ನಾನಿನ್ನೂ ಸತ್ತಿಲ್ಲ."

"ಆಗ್ಲಿ ಕಣವ್ವ," ಎಂದರು.

ಮಾರನೆಯ ಬೆಳಿಗ್ಗೆ ಮೂವರೇ ಹೋದೆವು, ಮಾವ, ನಾನು, ಕಲ್ಲುಕುಟಿಗರು. ಅವರು ಮೊಣಕೈಯ ಹತ್ತಿರ ಉಳಿ ಇಟ್ಟು ಸುತ್ತಿಗೆ ಎತ್ತಿದರು. ಮಾವ ಮಗನ ತಲೆಯ ಹತ್ತಿರ ಕೂತಿದ್ದರು. ಸುತ್ತಿಗೆ ಮೇಲೆದ್ದ ಕೂಡಲೇ ಅವರ ಎರಡೂ ಕೈ ತಾವಾಗಿ ಹೋಗಿ ಕಲ್ಲಿನ ಮುಖವನ್ನು ಮುಚ್ಚಿಕೊಂಡವು. ಮಲಗಿದ ಮಗುವಿನ ಮೇಲೆ ಏನಾದರೂ ಬಿದ್ದೀತೆಂದು ಅಡ್ಡ ಹಿಡಿಯುತ್ತಾರಲ್ಲ, ಹಾಗೆ. ತಾವು ಹಾಗೆ ಮಾಡಿದ್ದು ಅವರಿಗೇ ಗೊತ್ತಾಗಲಿಲ್ಲ ಎಂದು ಕಾಣುತ್ತದೆ. ನನ್ನ ಕಡೆ ನೋಡದೆ, "ಹೊಡೀರಿ, ಹೊಡೀರಿ," ಎನ್ನುತ್ತಲೇ ಇದ್ದರು.

ನಾನು ಬೇಡ ಬಿಡಿ ಎಂದೆ. ಒಳ್ಳೆಯತನದಿಂದ ಹೇಳಿದೆನೆಂದು ಯಾರೂ ತಿಳಿಯಬೇಡಿ. ಜಗ್ಗಾಡುವ ಶಕ್ತಿ ಇರಲಿಲ್ಲ, ಅಷ್ಟೇ. ಆ ಮುದುಕ ಎಷ್ಟೋ ವರ್ಷದಿಂದ ಸೇತುವೆವರೆಗೆ ಹೋಗಿ ಬರಿಗೈಯಲ್ಲಿ ತಿರುಗಿ ಬಂದವರು. ಈಗ ಕೈಗೆ ಸಿಕ್ಕಿದ್ದನ್ನು ಹೊಳೆಗೆ ಬಿಡಿ ಎಂದು ಹೇಳಲು ಆಗಲಿಲ್ಲ. ಮನೆಗೆ ಬಂದು ರಾಗಿ ಬೀಸಲು ಕೂತೆ. ಇನ್ನು ಸಾಯುವವರೆಗೂ ಇದೇ ಬೀಸುವ ಕಲ್ಲು ಎಂದು ಲೆಕ್ಕ ಹಾಕಿ, ಆಮೇಲೆ ಅದನ್ನೂ ಬಿಟ್ಟೆ.

ಅನಾವರಣದ ದಿನ ನನ್ನನ್ನು ಬಿಳಿ ಸೀರೆಯಲ್ಲಿ ಕಲ್ಲಿನ ಪಕ್ಕದಲ್ಲೇ ನಿಲ್ಲಿಸಿದರು. ಜೀಪು ಬರುವಾಗ ನೆತ್ತಿಗೆ ಬಿಸಿಲು ಏರಿತ್ತು. ಸಾಹೇಬರು ಕನ್ನಡ ಬಲ್ಲವರು, ಆದರೆ ದೊಡ್ಡ ಕನ್ನಡ. ವೀರಪತ್ನಿ ಎಂದರು, ತ್ಯಾಗ ಎಂದರು, ಈ ಶಿಲೆ ಮುಂದಿನ ಪೀಳಿಗೆಗೆ ಪಾಠ ಎಂದರು. ಬಟ್ಟೆ ಸರಿಸಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಬಳೆಯ ಕೈ ತೋರಿಸಿ ಇದೇನೆಂದು ಕೇಳಿದರು. ಊರ ಪಟೇಲರು ಒಂದು ಕ್ಷಣವೂ ತಡೆಯದೆ, "ಆಶೀರ್ವಾದ ಸ್ವಾಮಿ, ದೇವಿ ಆಶೀರ್ವಾದ," ಎಂದರು. ಸಾಹೇಬರು ತಲೆದೂಗಿ ನನ್ನ ಕೈಗೊಂದು ಹೂವಿನ ಹಾರ ಕೊಟ್ಟರು, ಕಲ್ಲಿಗೆ ಹಾಕಿ ಎಂದರು. ಹಾಕಿದೆ. ಹಾರ ಕಲ್ಲಿನ ಗಂಡನ ಕೊರಳಲ್ಲಿ ನಿಲ್ಲದೆ ಜಾರಿ ಆ ಬಳೆಯ ಕೈಗೆ ಸಿಕ್ಕಿಕೊಂಡಿತು. ಯಾರೋ ಹೆಂಗಸರು ಹೋ ಎಂದು ಉದ್ಗಾರ ತೆಗೆದರು. ನನಗೆ ಆಗ ಬೇಕಾಗಿದ್ದದ್ದು ಕೂರಲು ಒಂದು ಕುರ್ಚಿ ಮಾತ್ರ.

ಅನಾವರಣಕ್ಕೆ ಗೋಣಿಕೊಪ್ಪಲಿನಿಂದ, ನನ್ನನ್ನು ಕೇಳಿದ್ದ ಆ ಲಾರಿಯವರೂ ಬಂದಿದ್ದರು. ಎಲ್ಲ ಚದುರಿದ ಮೇಲೆ ನಮ್ಮ ಜಗಲಿಗೆ ಬಂದು ಕೂತರು. ಊರವರಿಂದ ವಿಷಯ ತಿಳಿದಿತ್ತು.

"ನಂಗೇನೂ ಅಡ್ಡಿ ಇಲ್ಲ," ಎಂದರು, ಯಾರ ಮುಖವನ್ನೂ ನೋಡದೆ. "ಅಲ್ಲಿ ನಮ್ ಕಡೆಯೋರಿಗೆ ಈ ಕಲ್ಲಿನ್ ಸುದ್ದಿ ಗೊತ್ತಾದ್ರೆ ಮಾತ್ರ ಕಷ್ಟ. ಹೇಳೋದು ಬೇಡ. ಎಸ್ಟೇಟಿನ ರೈಟರಿಗೆ ಹೇಳಿ ಕೂಲಿಯೋರ ಲೈನಿನ ಆ ಕಡೆ ಒಂದು ಮನೆ ಮಾಡಿಸ್ಕಂಡಿದೀನಿ. ನೀವು ಬರ್ತೀರಾ ಇಲ್ವಾ, ಅದಷ್ಟು ಹೇಳಿ."

ನಾನು ಬಾಗಿಲ ಹಿಂದಿದ್ದೆ. ಕೇಳಿದ್ದು ನನ್ನನ್ನಾದರೂ ಉತ್ತರ ಕೊಡಬೇಕಾದವರು ಮಾವ. ಅವರು ಕೋಲೂರಿಕೊಂಡು ಎದ್ದರು. ಆಮೇಲೆ ಒಳಗೆ ಬಂದು ಪೆಟ್ಟಿಗೆ ತೆರೆದು ಒಂದು ಸೀರೆ ತೆಗೆದರು. ಅತ್ತೆಯದು, ಅವರು ತೀರಿಹೋದ ಮೇಲೆ ಮಡಿಸಿಟ್ಟದ್ದು. ಅದನ್ನು ನನ್ನ ಕೈಯಲ್ಲಿಟ್ಟು ಹೇಳಿದರು:

"ಕಲ್ಲಲ್ಲಿರೋಳು ನನ್ ಸೊಸೆ. ಅವ್ಳು ನನ್ ಮಗನ ತಾವೇ ಇರ್ಲಿ. ನೀನು ಹೋಗವ್ವ. ಆದ್ರೆ ಒಂದು ಮಾತು. ಹೋದ್ಮೇಲೆ ಈ ಊರಿಗೆ ಬರ್ಬ್ಯಾಡ. ನೀನು ಬಂದು ಇಲ್ಲಿ ಓಡಾಡುದ್ರೆ ಆ ಕಲ್ಲು ಸುಳ್ಳಾಗ್ತದೆ. ಜನ ಕಿತ್ತಾಕ್ತರೆ."

ಹೀಗೆ ನಾನು ಅಲ್ಲಿ ಸತ್ತು ಇಲ್ಲಿ ಬದುಕಿದೆ. ಮೂರು ದಿನದ ಮೇಲೆ, ಬೆಳಕು ಹರಿಯುವ ಹೊತ್ತಿಗೆ, ಎಸ್ಟೇಟಿನ ಲಾರಿ ಹತ್ತಿದೆ. ತವರಿಗೆ ಹೋದಳೆಂದು ಊರಿಗೆ ಹೇಳಿದರಂತೆ. ಊರಿಗೂ ಅಷ್ಟೇ ಸಾಕಾಗಿತ್ತು.

ಗೋಣಿಕೊಪ್ಪಲಿನ ಕಡೆಯ ಬದುಕು ಕೆಟ್ಟದ್ದೆಂದು ಹೇಳಲಾರೆ. ಕಾಫಿ ಹಣ್ಣು ಕೊಯ್ಯುವ ಪಿಕಿಂಗಿನ ಕಾಲದಲ್ಲಿ ಅವರು ಮನೆಗೆ ಬರುವುದೇ ಅಪರೂಪ, ಬಂದರೆ ಒಳ್ಳೆಯ ಮಾತಾಡುತ್ತಿದ್ದರು. ಮಗಳು ಮೊದಲು ಮುಖ ತಿರುಗಿಸಿದಳು, ವರ್ಷ ಕಳೆದ ಮೇಲೆ ನನ್ನಿಂದಲೇ ಜಡೆ ಹೆಣೆಸಿಕೊಳ್ಳುವಷ್ಟು ಹತ್ತಿರವಾದಳು. ಲೈನಿನ ಮಕ್ಕಳಿಗೆ ನಾನು ಅಕ್ಷರ ಹೇಳಿಕೊಡಲು ಹಿಡಿದೆ. ತಮಿಳು, ಮಲಯಾಳ, ತುಳು ಎಲ್ಲ ಸೇರಿದ ಅವರ ಕನ್ನಡಕ್ಕೆ ನಕ್ಕು ನಕ್ಕು ನನ್ನ ಕನ್ನಡವೂ ಹಾಗೇ ಆಯಿತು. ಆದರೆ ಉಡಿಕೆಯವಳು ಉಡಿಕೆಯವಳೇ. ಅವರ ಕಡೆಯ ಮದುವೆ, ಸೀಮಂತಗಳಲ್ಲಿ ನನ್ನನ್ನು ಹಸೆಯ ಹತ್ತಿರ ಕರೆಯುತ್ತಿರಲಿಲ್ಲ. ಕುಂಕುಮದ ಬಟ್ಟಲು ಸಾಲಿನಲ್ಲಿ ಬಂದು ನನ್ನನ್ನು ದಾಟಿ ಪಕ್ಕದವಳಿಗೆ ಹೋಗುತ್ತಿತ್ತು. ಗಂಡ ಎದುರಿಗೇ ಊಟಕ್ಕೆ ಕೂತಿದ್ದರೂ ನಾನು ಮುತ್ತೈದೆಯಲ್ಲ. ಮೊದಮೊದಲು ಕಣ್ಣು ತುಂಬುತ್ತಿತ್ತು. ಆಮೇಲೆ ಬಟ್ಟಲು ಬರುವ ಮೊದಲೇ ಎದ್ದು ಅಡುಗೆಮನೆಗೆ ಹೋಗುವುದನ್ನು ಕಲಿತೆ.

ಕೊಡಗು ಮೈಸೂರಿಗೆ ಸೇರಬೇಕೋ ಬೇಡವೋ ಎಂದು ಸಂತೆಯಲ್ಲೆಲ್ಲ ಜಗಳವಾಗುತ್ತಿದ್ದ ಕಾಲ. ಒಂದು ದಿನ ಒರಳು, ಬೀಸುವ ಕಲ್ಲು ಕುಟ್ಟಿಕೊಡುತ್ತೇನೆಂದು ಕೂಗುತ್ತ ಒಬ್ಬರು ಲೈನಿಗೆ ಬಂದರು. ಅದೇ ಕಲ್ಲುಕುಟಿಗರು. ಕಣ್ಣು ಪೂರಾ ಮಂಜಾಗಿ ದೊಡ್ಡ ಕೆಲಸ ಬಿಟ್ಟಿದ್ದರು. ಹತ್ತಿರ ಬಂದು ನನ್ನ ಮುಖ ನೋಡಿ ಗುರುತು ಹಿಡಿದರು.

"ತಾಯಿ, ನಿಮ್ಮ ಮಾವ ಎದ್ದು ಓಡಾಡ್ತಿಲ್ಲ. ಈ ಮಳೆಗಾಲ ಕಳೆಯೋದು ಅನುಮಾನ," ಎಂದರು. ಆಮೇಲೆ ತಡೆದು, "ಆ ಕಲ್ಲಿಗೆ ಈಗ ಬಳೆ ಒಪ್ಪಿಸ್ತಾರೆ. ಗಂಡ ಸತ್ತ ಸುದ್ದಿ ಬಂದ ದಿನವೇ ನೀವು ಪ್ರಾಣ ಬಿಟ್ರಿ ಅಂತ ದೂರದಿಂದ ಬಂದೋರಿಗೆ ಕತೆ ಹೇಳ್ತಾರೆ, ನಿಮ್ಮನ್ನ ಕಂಡೋರೂ ಇಲ್ಲ ಅನ್ನಲ್ಲ. ನಾನು ಆ ಕಡೆ ಹೋದ್ರೆ ತಲೆ ತಗ್ಗಿಸ್ಕಂಡು ದಾಟಿ ಹೋಗ್ತೀನಿ," ಎಂದರು.

ಮಾವ ಬರಬೇಡ ಎಂದಿದ್ದರು. ಹೋದರೆ ಅವರ ಮಗನ ಕಲ್ಲು ಸುಳ್ಳಾಗುತ್ತದೆ. ಹೋಗದಿದ್ದರೆ ಆ ಮುದುಕರನ್ನು ಇನ್ನು ನೋಡುವುದಿಲ್ಲ. ನಾನು ಎರಡು ದಿನ ಯೋಚಿಸಿದೆ. ನನ್ನ ಗಂಡ ಏನೂ ಕೇಳದೆ ನನ್ನನ್ನು ಬಸ್ಸಿಗೆ ಬಿಟ್ಟರು. ಫ್ರೇಜರ್‌ಪೇಟೆಯಿಂದ ಮುಂದೆ ಸೆರಗು ತಲೆಮೇಲೆಳೆದುಕೊಂಡು ನಡೆದೇ ಹೋದೆ.

ಶಾಲೆಯ ಮುಂದೆ ಕಲ್ಲಿಗೊಂದು ಹಂಚಿನ ಮಾಡು ಎದ್ದಿತ್ತು. ಒಬ್ಬ ತಾಯಿ ಬಸುರಿ ಮಗಳನ್ನು ಕರೆತಂದು ಪೂಜೆ ಮಾಡಿಸುತ್ತಿದ್ದಳು. ಯಾವೂರಿನಿಂದ ಬಂದವರೋ, ಗುರುತಿರಲಿಲ್ಲ. "ದೂರದೋರಾ? ಕೈ ಮುಗ್ಕಳಿ ಅಕ್ಕ, ಬಾಳಾ ಸತ್ಯವಂತೆ ಈಯಮ್ಮ," ಎಂದು ಕುಂಕುಮ ಹಿಡಿದಳು. ಮುಗಿದೆ. ನನಗೆ ನಾನೇ ಕೈಮುಗಿದುಕೊಂಡು ಮುಂದೆ ನಡೆದೆ. ಅಲ್ಲಿ ನಿಂತು ಯೋಚಿಸುವ ತ್ರಾಣ ಇರಲಿಲ್ಲ.

ನಾನಿದ್ದಾಗ ಹುಡುಗನಾಗಿದ್ದ ಮೈದುನನಿಗೆ ಮದುವೆಯಾಗಿತ್ತು. ಮನೆಯಲ್ಲಿ ಅವನ ಹೆಂಡತಿ ಇದ್ದಳು, ನಾನು ಹೋದ ಮೇಲೆ ಬಂದವಳು. ನನ್ನ ಕಂಡು ಯಾರೆಂದು ಕೇಳಿದಳು. ಗೋಣಿಕೊಪ್ಪಲಿನ ಕಡೆಯವಳು, ಯಜಮಾನರ ಪರಿಚಯ, ನೋಡಿ ಹೋಗೋಣವೆಂದು ಬಂದೆ ಎಂದೆ. ಮಾವ ಜಗಲಿಯ ಮೇಲೆ ಕಂಬಳಿ ಹೊದ್ದು ಮಲಗಿದ್ದರು. ಕೈಕಾಲು ಕಡ್ಡಿಯಾಗಿದ್ದವು. ನನ್ನ ದನಿ ಕೇಳಿ ಕಣ್ಣು ತೆರೆದರು. ನನ್ನ ಮುಖವನ್ನೇ ನೋಡಿದರು, ಬಹಳ ಹೊತ್ತು. ಗುರುತು ಹತ್ತಿತೆಂದು ನನಗೆ ಗೊತ್ತಾಯಿತು.

"ಗೋಣಿಕೊಪ್ಪಲಾ?" ಎಂದರು.

"ಹೂಂ ಯಜಮಾನ್ರೇ."

"ನನ್ ಹಿರೀಸೊಸೆ ಇದ್ದಿದ್ರೆ ನಿನ್ನಷ್ಟೇ ವಯಸ್ಸು. ತೀರೋದ್ಲು ಕಣವ್ವ. ಬಾಳ ವರ್ಷಾಯ್ತು." ಹೇಳುತ್ತ ಮೈದುನನ ಹೆಂಡತಿಯ ಕಡೆ ಒಮ್ಮೆ ಕಣ್ಣು ಹೊರಳಿಸಿದರು. ಕೊಟ್ಟ ಮಾತನ್ನು ಅವರು ಇನ್ನೂ ಕಾಯುತ್ತಿದ್ದರು. ಮುರಿದವಳು ನಾನು.

"ಗೊತ್ತು," ಎಂದೆ.

"ನಿಂಗೆ ಅಲ್ಲಿ ಹೊಟ್ಟೆಗೆ ಬಟ್ಟೆಗೆ ಸರಿಯಾಗ್ ನೋಡ್ಕತಾರಾ?"

"ನೋಡ್ಕೊಳ್ತಾರೆ."

"ಹೊಡೆಯೋದು ಗಿಡೆಯೋದು?"

"ಇಲ್ಲ. ಒಳ್ಳೆಯವರು."

"ಸರಿ ಬುಡು," ಎಂದು ಕಣ್ಣು ಮುಚ್ಚಿಕೊಂಡರು. ಮೈದುನನ ಹೆಂಡತಿ ಮುದ್ದೆ ಬಡಿಸಿದಳು, ಉಂಡೆ. ಅವಳು ಎಲೆ ತೆಗೆಯಲು ಒಳಗೆ ಹೋದಳು. ಸಂಜೆಯ ಬಸ್ಸಿಗೆ ಹೊತ್ತಾಗುತ್ತಿತ್ತು.

ಹೊರಡುವ ಮೊದಲು ಅವರ ಕಾಲು ಮುಟ್ಟಿದೆ. ಆ ಮನೆಯಲ್ಲಿದ್ದಾಗ, ಕಾಗದ ಬಂದ ಮೇಲೆ, ಹಬ್ಬಕ್ಕೆ ಹರಿದಿನಕ್ಕೆ ಎಷ್ಟೋ ಸಲ ಹಾಗೆ ಬಗ್ಗಿದ್ದೆ. ದೇವ್ರು ಒಳ್ಳೇದು ಮಾಡ್ಲಿ ಎಂದಷ್ಟೇ ಹೇಳುತ್ತಿದ್ದರು. ಮಗನಿಲ್ಲದ ಮೇಲೆ ಬೇರೆ ಯಾವ ಮಾತು ತಾನೇ ಹೇಳಿಯಾರು? ಆ ದಿನ ಅವರು ಕಂಬಳಿಯಿಂದ ಕೈ ಹೊರಗೆ ತೆಗೆಯಲು ಒದ್ದಾಡಿದರು. ತೆಗೆದು ನನ್ನ ತಲೆಯ ಮೇಲಿಟ್ಟರು. ಒಳಗಿದ್ದವಳಿಗೆ ಕೇಳಿಸುವ ಹಾಗೆ, ಗಟ್ಟಿಯಾಗಿ, ಯಾರೂ ನನಗೆ ಹೇಳದೆ ಬಿಟ್ಟ ಮಾತನ್ನು ನನ್ನ ಸತ್ತ ಗಂಡನ ಅಪ್ಪ ಹೇಳಿದರು.

"ಮುತ್ತೈದೆಯಾಗಿ ನೂರ್ಕಾಲ ಬಾಳವ್ವ."